ಎಡ ಚಕ್ರದ ಸದ್ದು

ಕಾರು ನೋಡಲು ಪೋರೂರಿಗೆ ಹೋಗುವ ಮುಂಚೆ, ಪರೀಕ್ಷಿಸಬೇಕಾದ ಇಪ್ಪತ್ತಾರು ಅಂಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದು ಇಟಲಿ ಕಂಪನಿಯ, ಹನ್ನೊಂದು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಆ ಕಂಪನಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿ ವರ್ಷಗಳಾಗಿವೆ. ಪೆರುಂಗುಡಿಯ ನನ್ನ ಆಫೀಸಿನಲ್ಲಿ ಕೇಳಿದ ಒಂಬತ್ತು ಜನರಲ್ಲಿ ಎಂಟು ಜನ ಬೇಡ ಎಂದಿದ್ದರು. ನನಗೆ ಮಾತ್ರ ಅದರ ದುಂಡನೆಯ ಹಿಂಭಾಗ ಕಾಲೇಜಿನ ದಿನಗಳಿಂದಲೂ ಇಷ್ಟ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾರು ಇಟ್ಟವರಲ್ಲ.

ಮಾರುವವರನ್ನು ಹುಡುಕಿದ್ದು ಅಪ್ಪ. ಅವರು ಕೀಲ್ಪಾಕಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶಿಯರ್. ವಿಮಾ ಕಂಪನಿಯಿಂದ ನಿವೃತ್ತರಾದ, ಮೈಸೂರು ಕಡೆಯ ಹಿರಿಯರೊಬ್ಬರು ತಿಂಗಳಿಗೊಮ್ಮೆ ಕಿವಿ ತೋರಿಸಲು ಆ ಭಾಗದ ಆಸ್ಪತ್ರೆಗೆ ಬಂದಾಗ ಅಲ್ಲಿಯೇ ತಿಂಡಿ ತಿನ್ನುತ್ತಿದ್ದರು. ಈ ತಮಿಳು ಊರಿನಲ್ಲಿ ಕನ್ನಡ ಕೇಳಿ ಪರಿಚಯವಾಗಿತ್ತು. ಕಿವಿ ಮಂದವಾದ ಮೇಲೆ ಓಡಿಸುವುದು ಬಿಟ್ಟಿದ್ದೇನೆ, ಕಾರನ್ನು ಒಳ್ಳೆಯವರಿಗೆ ಕೊಡಬೇಕು ಎಂದು ಅವರು ಅಪ್ಪನ ಹತ್ತಿರ ಹೇಳಿದ್ದರಂತೆ. ಸುಳ್ಳು ಹೇಳುವ ಜನ ಅಲ್ಲ ಎಂದು ಅಪ್ಪ ಅವರ ಬಗ್ಗೆ ನನಗೂ ನನ್ನ ಬಗ್ಗೆ ಅವರಿಗೂ ಭರವಸೆ ಕೊಟ್ಟಿದ್ದರು.

ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಸರಿಯಾಗಿಯೇ ಇದ್ದವು. ಉಳಿದ ಮೂರು ತೀರ ಸಣ್ಣವು: ವೈಪರಿನ ರಬ್ಬರು, ಹಿಂಬಾಗಿಲ ಹಿಡಿಕೆ, ಸವೆದ ಒಂದು ಟಯರು. ಇಷ್ಟಕ್ಕೆ ಬೆಲೆ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೆರೆಯ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಓಡಿಸುವಾಗ ಪಕ್ಕದಲ್ಲಿ ಕೂತಿದ್ದ ಹಿರಿಯರ ಕಿವಿಯ ಮೆಷಿನ್ ನನಗೆ ಕಾಣುತ್ತಿತ್ತು. ಎಡಗಡೆಯ ಮುಂದಿನ ಚಕ್ರದಿಂದ ಕಟಕಟ ಎಂದು ಸದ್ದು ಬರುತ್ತಿದೆ ಎಂದೆ.

ಯಾವ ಸದ್ದೂ ಇರಲಿಲ್ಲ.

ಅವರು ಅದೇ ರಸ್ತೆಯಲ್ಲಿ ನನ್ನ ಕೈಯಲ್ಲಿ ಮೂರು ಸಲ ಓಡಿಸಿದರು. ಮೂರನೆಯ ಸಲ ಕಿಟಕಿ ಇಳಿಸಿ, ಕಣ್ಣು ಮುಚ್ಚಿ ಕೂತರು. ಕೊನೆಗೆ, "ನನಗೆ ಕೇಳಿಸ್ತಿಲ್ಲಪ್ಪ. ನೀನು ಹೇಳ್ತಿದೀಯ ಅಂದ್ರೆ ಇರತ್ತೆ" ಎಂದರು. ನಾನು ಬಾಯಿ ಬಿಡುವ ಮೊದಲೇ ತಾವಾಗಿಯೇ ಬೆಲೆ ಇಳಿಸಿದರು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತೇಳನೆಯ ಅಂಶವೆಂದು ಆ ಸದ್ದನ್ನು ದುಂಡಾಗಿ ಬರೆದೆ, ನಿಜವಾಗಿ ಕಂಡ ದೋಷದ ಹಾಗೆ.

ಕಾರು ನನ್ನದಾದ ಮೊದಲ ದಿನ: ಮೂವತ್ತೆಂಟು ಕಿಲೋಮೀಟರು, ಎಂಜಿನ್ ಆಫ್ ಆದದ್ದು ಆರು ಸಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದಾಗ ಅವರು ಕೈ ಮುಗಿದದ್ದು ದೇವರಿಗಲ್ಲ, ಕಾರಿಗೇ ಎಂದು ನನಗೆ ಅನಿಸಿತು.

ನಾಲ್ಕನೆಯ ದಿನ ಹಿರಿಯರ ಫೋನ್ ಬಂತು. ಸದ್ದು ಹೋಯಿತಾ ಎಂದು ಕೇಳಿದರು. ಮೆಕ್ಯಾನಿಕ್ ಊರಲ್ಲಿಲ್ಲ ಎಂದೆ. ಮೊದಲ ವಾರ ಎರಡು ಕರೆ, ಎರಡನೆಯ ವಾರ ಮೂರು. ಪ್ರತಿ ಸಲವೂ ಒಂದು ಕಾರಣ ಕೊಟ್ಟೆ. ಮುಂದಿನ ಸಲ ತಪ್ಪಬಾರದೆಂದು ಕೊಟ್ಟ ಕಾರಣವನ್ನು ತಾರೀಖಿನ ಪಕ್ಕದಲ್ಲಿ ಬರೆದಿಟ್ಟೆ. ಆ ಪುಟವನ್ನು ಈಗ ಓದಲು ನನ್ನಿಂದಾಗುವುದಿಲ್ಲ.

ಮೂರನೆಯ ಭಾನುವಾರ ಅವರು ಮನೆಗೆ ಕರೆದರು. ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ, ಮುಂಚಕ್ರದ ಹತ್ತಿರ ಕೂರಿಸುವ ಒಂದು ಲಿಂಕ್ ರಾಡ್ ಇತ್ತು. ಚಕ್ರದ ಸದ್ದಿಗೆ ಹಳೆಯ ರಾಡ್ ಸವೆದದ್ದೇ ಕಾರಣವಿರಬಹುದು ಎಂದು ಯಾರೋ ಹೇಳಿದರಂತೆ. ಈ ಕಾರಿಗೆ ಪಾರ್ಟ್ಸ್ ಸಿಗುವುದು ಕಷ್ಟ. ಹಳೆಯ ಬಿಡಿಭಾಗಗಳ ಅಂಗಡಿ ಸಾಲಿರುವ ಪುದುಪೇಟೆಗೆ ಅವರು ಬಸ್ಸಿನಲ್ಲಿ ಮೂರು ಸಲ ಹೋಗಿಬಂದಿದ್ದರು. ಗೊತ್ತಿಲ್ಲದೆ ಕೆಟ್ಟ ಮಾಲು ಕೊಟ್ಟೆನಲ್ಲ ಎಂದು ನನ್ನಲ್ಲಿ ಕ್ಷಮೆ ಕೇಳಿದರು.

ಅವರು ಅಂಗಿ ಬದಲಿಸಲು ಒಳಗೆ ಹೋದಾಗ ಅವರ ಹೆಂಡತಿ ಕಾಫಿ ಲೋಟ ಇಡುತ್ತ ದನಿ ತಗ್ಗಿಸಿದರು. "ಹನ್ನೊಂದು ವರ್ಷ ನಾನೂ ಆ ವಂಡಿಯಲ್ಲಿ ಕೂತಿದೀನಿ ಕಣಪ್ಪ. ಸೌಂಡ್ ಇರ್ಲಿಲ್ಲ ಅಂದ್ರೆ ಇವ್ರು ನಂಬಲ್ಲ, ನನ್ನ ಸಮಾಧಾನಕ್ಕೆ ಹೇಳ್ತೀಯ ಅಂತಾರೆ. ಹಿಂದಿಂದ ಬರೋ ವಂಡಿ ಕೇಳಿಸಲ್ವೇನೋ ಅಂತ ಬೆಳಿಗ್ಗೆ ವಾಕಿಂಗ್ ಕೂಡ ಬಿಟ್ಟಿದ್ದಾರೆ." ಆಮೇಲೆ ನನ್ನ ಮುಖ ನೋಡುತ್ತ ನಿಂತರು, ಅಷ್ಟೆ.

ಮೂವರೂ ಮೆಕ್ಯಾನಿಕ್ ಹತ್ತಿರ ಹೊರಟೆವು. ಆಕೆ ಹಿಂದೆ, ಅವರು ನನ್ನ ಪಕ್ಕದಲ್ಲಿ, ತೊಡೆಯ ಮೇಲೆ ರಾಡ್. ಕೆರೆಯ ರಸ್ತೆಗೆ ಬಂದಾಗ ಅವರು ಕಿಟಕಿ ಇಳಿಸಿ, ಈಗ ಬರುತ್ತಿದೆಯಾ ಎಂದರು. ನಾನು ಒಂದು ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ.

"ಇಲ್ಲ ಅಂಕಲ್. ಅವತ್ತೂ ಇರ್ಲಿಲ್ಲ."

"ಏನು? ಜೋರಾಗಿ ಹೇಳು."

"ಸದ್ದು ಇರ್ಲೇ ಇಲ್ಲ ಅಂಕಲ್. ಬೆಲೆ ಇಳಿಸ್ಲಿ ಅಂತ ನಾನು ಸುಳ್ಳು ಹೇಳ್ದೆ."

ಟೀ ಕುಡಿಯುತ್ತಿದ್ದ ನಾಲ್ವರು ತಿರುಗಿ ನೋಡಿದರು. ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಅವರಿಗೆ ಎಲ್ಲ ತಿಳಿದುಹೋಯಿತು ಎಂದೇ ನನಗೆ ಅನಿಸಿತು. ಹಿರಿಯರು ನನ್ನ ಕಡೆ ನೋಡದೆ ಹಿಂದಕ್ಕೆ ತಿರುಗಿ ಹೆಂಡತಿಗೆ, "ಹಾಗಾದ್ರೆ ನನಗೆ ಸರಿಯಾಗೇ ಕೇಳಿಸ್ತಿತ್ತು" ಎಂದರು. ಆಕೆ ಮುಖ ಹೊರಗೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಇಳಿಸಿದ ಹಣ ಈಗಲೇ ಕೊಡುತ್ತೇನೆ ಎಂದೆ. ಬೇಡ ಎಂದರು. "ನಿಮ್ಮ ತಂದೆಗೆ ಇದನ್ನ ನಾನು ಹೇಳೋದಿಲ್ಲ. ನೀನೇ ಹೇಳು" ಎಂದು ಇಳಿದರು. ಮನೆಯವರೆಗೆ ಬಿಡುತ್ತೇನೆ ಎಂದರೂ ನಿಲ್ಲದೆ, ಇಬ್ಬರೂ ನಡೆದೇ ಹೋದರು.

ಅಂದು ಸಂಜೆಯೇ ಕೀಲ್ಪಾಕಿಗೆ ಹೋದೆ. ಗಲ್ಲಾದ ಮುಂದೆ ಜನ ಕಡಿಮೆಯಾಗುವವರೆಗೆ ಕಾದು, ಒಂದೂ ಬಿಡದೆ ಹೇಳಿದೆ. ಅಪ್ಪ ಬೈಯಲಿಲ್ಲ. ಡ್ರಾಯರಿನ ಚಿಲ್ಲರೆಯನ್ನು ಸುಮ್ಮನೆ ಜೋಡಿಸುತ್ತಿದ್ದರು.

"ನೀನು ಪೋರೂರಿಗೆ ಮತ್ತೆ ಹೋಗ್ದಿದ್ರೂ ನಡೀತದೆ. ಅವ್ರು ತಿಂಡಿಗೆ ಬಂದಾಗ ನಾನು ಇಲ್ಲೇ ಕೂತಿರ್ಬೇಕಲ್ಲ ಮಾರಾಯ" ಎಂದರು.

ಬಿಲ್ ಹಿಡಿದು ಯಾರೋ ಹಿಂದೆ ನಿಂತಿದ್ದರು. ನಾನು ಪಕ್ಕಕ್ಕೆ ಸರಿದೆ.