ಓಡುತ್ತಿದೆ ಎಂದ ಹಸಿರು ಚುಕ್ಕೆ

ಸ್ನೇಹಿತರೆ, ಇವತ್ತು ಮಧ್ಯಾಹ್ನ ಸಿದ್ದರಾಜು ಎಂಬವರು ನನ್ನ ಟೇಬಲ್ಲಿನ ಎದುರು ಬಂದು ನಿಂತರು. ಚನ್ನಪಟ್ಟಣದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವರು ಗೊಂಬೆಗಳಿಗೆ ಅರಗಿನ ಬಣ್ಣ ಹಾಕುವವರು. ಅವರ ತಾಯಿ ಪ್ರಜ್ಞೆಯಿಲ್ಲದೆ ಮೇಲಿನ ವಾರ್ಡಿನಲ್ಲಿದ್ದಾರೆ.

"ರಕ್ತದ ರಿಪೋರ್ಟು ಬಂದಿಲ್ವಂತೆ ಸಾ. ಅದು ಬರೋಗಂಟ ಔಸ್ದಿ ಸುರು ಮಾಡಾಕಿಲ್ಲ ಅಂತಾವ್ರೆ ಡಾಕ್ಟ್ರು."

ಲ್ಯಾಬಿನ ರಿಪೋರ್ಟುಗಳನ್ನು ಡಾಕ್ಟರಿಗೆ ತಲುಪಿಸುವ ತಂತ್ರಾಂಶ ಒಂದು ಕಂಟೇನರಿನಲ್ಲಿ, ಅಂದರೆ ಸರ್ವರಿನೊಳಗೆ ಅದಕ್ಕೆಂದೇ ಬೇರ್ಪಡಿಸಿದ ಗೂಡಿನಲ್ಲಿ, ಓಡುತ್ತದೆ. ಪರದೆಯ ಮೇಲೆ ಅದರ ಹೆಸರಿನ ಮುಂದೆ ಹಸಿರು ಚುಕ್ಕೆ ಇತ್ತು. ತೋರಿಸಿದೆ.

"ರನ್ನಿಂಗ್ ಅಂತಲೇ ಇದೆ. ಲ್ಯಾಬಿನವರನ್ನು ಕೇಳಿ."

"ಅವ್ರು ಆಗ್ಲೇ ಕಳ್ಸಾಯ್ತು ಅಂದ್ರು. ನಮ್ಮವ್ವನ ತಲೆತಾವ್ಲೂ ಇಂಥದೇ ಹಸುರು ದೀಪ ಉರೀತಾ ಐತೆ ಸಾ. ಉಸಿರೂ ಐತೆ. ಕೂಗುದ್ರೆ ಓ ಅನ್ನಾಕಿಲ್ಲ, ಅಷ್ಟೇಯ."

ನಾನೂ ಕೂಗಿ ನೋಡಿದೆ, ಅಂದರೆ ಕಂಟೇನರಿಗೆ ಒಂದು ಪರೀಕ್ಷಾ ಸಂದೇಶ ಕಳಿಸಿದೆ. ಉತ್ತರ ಬರಲಿಲ್ಲ. ಬೆಳಗಿನಿಂದ ಯಾರ ರಿಪೋರ್ಟೂ ಹೋಗಿರಲಿಲ್ಲ. ಕಂಟೇನರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಎಲ್ಲ ರಿಪೋರ್ಟುಗಳೂ ಒಟ್ಟಿಗೆ ಹೋದವು. ಚುಕ್ಕೆ ಮೊದಲಿನಷ್ಟೇ ಹಸಿರಾಗಿತ್ತು.

"ಇಷ್ಟೇಯಾ ಸಾ?" ಎಂದು ಕೇಳಿ ಸಿದ್ದರಾಜು ಮೆಟ್ಟಿಲು ಹತ್ತಿದರು.

ನನ್ನ ಕಸುಬಿನಲ್ಲಿ ಇಷ್ಟೇ. ಮೇಲಿನ ವಾರ್ಡಿನಲ್ಲಿ ಮಾತ್ರ, ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡುವ ಅನುಕೂಲ ಇಲ್ಲ.