ಮೂರು ಸೆಕೆಂಡು ನಿಲ್ಲುವುದು

ನನ್ನ ಕುದುರೆ ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ನಾನಿನ್ನೂ ಆಗಿಲ್ಲ, ಚನ್ನಪಟ್ಟಣದ ಕಾಲೇಜೊಂದರಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಕೂಟಗಲ್ ಕಡೆ ನಮಗಿರುವ ತುಂಡು ಜಮೀನಿನಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮನೆಯೇ ಅವಳ ಲಾಯ. ಹುಳಕ್ಕೆ ಕಾಟ ಕೊಡುವ ಊಜಿ ನೊಣ ಬರದಂತೆ ಕಿಟಕಿಗಳಿಗೆ ಬಲೆ ಮೊದಲೇ ಇತ್ತು. ಹುಳಕ್ಕೆ ಸಿಕ್ಕಿದ ಸೌಕರ್ಯ ಕುದುರೆಗೂ ಸಿಕ್ಕಿತು.

"ಮದ್ವೆ ಮೆರವಣಿಗೆಗೆ ಬಾಡಿಗೆಗ್ ಬುಡ್ತೀಯೇನವ್ವ?" ಎಂದು ಮೊದಲು ಕೇಳಿದವರು ಪಕ್ಕದ ಹಿಪ್ಪುನೇರಳೆ ತೋಟದ ಯಜಮಾನರು. ನೆಂಟರೇನಲ್ಲ, ಆದರೂ ಅವರನ್ನು ಮಾವ ಅನ್ನುತ್ತೇನೆ. ಬಾಡಿಗೆಗಲ್ಲ, ಇದು ಡ್ರೆಸಾಜ್ ಎಂದು ವಿವರಿಸಿದೆ: ಕಟ್ಟುನಿಟ್ಟಾಗಿ ಅಳೆದ ಅಂಕಣದೊಳಗೆ ಕುದುರೆ ಹೇಳಿದ ಕಡೆ ನಡೆಯಬೇಕು, ಸುತ್ತಬೇಕು, ನಿಲ್ಲಬೇಕು. ನಾವು ಹೇಳಿದ್ದು ಮಾತ್ರ ಯಾರಿಗೂ ಕಾಣಬಾರದು. ಬಾಯಿ ಬಿಟ್ಟರೆ ಅಂಕ ಕಳೆಯುತ್ತಾರೆ.

"ಅತ್ತೆ ಮುಂದೆ ಹೊಸಾ ಸೊಸೆ ಇರೋ ಅಂಗೆ ಅನ್ನು" ಅಂದರು ಮಾವ. ಇಷ್ಟು ಚೆನ್ನಾಗಿ ನನ್ನ ತರಬೇತುದಾರರೂ ಹೇಳಿರಲಿಲ್ಲ.

ಎಲ್ಲಿ ಏನು ಮಾಡಬೇಕೆಂದು ಗುರುತಿಸಲು ಅಂಕಣದ ಸುತ್ತ ಇರಬೇಕಾದ ಇಂಗ್ಲಿಷ್ ಅಕ್ಷರಗಳನ್ನು ಹುಳು ಗೂಡು ಕಟ್ಟುವ ಹಳೆಯ ಬಿದಿರ ಚಂದ್ರಿಕೆಗಳಿಗೆ ಅಂಟಿಸಿ ನಿಲ್ಲಿಸಿದೆ. ನಡುವಿನ ಎಕ್ಸ್‌ಗೆ ಮಾತ್ರ ಫಲಕವಿಲ್ಲ, ಅದನ್ನು ಊಹಿಸಿಕೊಳ್ಳಬೇಕು. ಸ್ಪರ್ಧೆಯಲ್ಲಿ ಮೊದಲಿಗೆ ಒಮ್ಮೆ, ಕೊನೆಯಲ್ಲಿ ಒಮ್ಮೆ ನೇರ ಅಲ್ಲಿಗೆ ಬಂದು ಮೂರು ಸೆಕೆಂಡು ಅಲುಗದೆ ನಿಂತು ತೀರ್ಪುಗಾರರಿಗೆ ತಲೆಬಾಗುವುದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಎರಡು ಸಲ ಮನೆಗೆ ವಾಪಸಾಗುವ ನನಗೆ, ಗುರುತೇ ಇಲ್ಲದ ಜಾಗದಲ್ಲಿ ನೆಮ್ಮದಿಯಾಗಿ ನಿಲ್ಲುವ ಕೆಲಸ.

ಮನೆಯಲ್ಲಿ ಅವಳು ಕಂಬದ ಹಾಗೆ ನಿಲ್ಲುತ್ತಿದ್ದಳು. ಸ್ಪರ್ಧೆಗೆ ಹೋದರೆ ನಿಲ್ಲುತ್ತಿರಲಿಲ್ಲ. ಮೊದಲನೆಯದರಲ್ಲಿ ತೀರ್ಪುಗಾರರ ಮೇಜಿನವರೆಗೂ ಹೋಗಿ ಅವರ ಕಾಗದ ಮೂಸಿದಳು. ಎರಡನೆಯದರಲ್ಲಿ ನಾನು ತಲೆಬಾಗಿದ್ದು ಯಾರಿಗೆಂದು ನನಗೇ ತಿಳಿಯಲಿಲ್ಲ, ಅಷ್ಟರಲ್ಲಿ ತಿರುಗಿಬಿಟ್ಟಿದ್ದಳು. ಕನಕಪುರ ರಸ್ತೆಯ ಸವಾರಿ ಶಾಲೆಯಲ್ಲಿ ನನಗೆ ಕಲಿಸುವವರು ಮೆಲ್ಲಗೆ ಹೇಳಿದರು: "ಮೇಡಂ, ಇನ್ನೊಂದೇ ಸಲ ನೋಡೋಣ. ಆಗಲೂ ನಿಲ್ಲದಿದ್ದರೆ ಅವಳನ್ನು ಸ್ಪರ್ಧೆಗೆ ತರಬೇಡಿ. ಹದಿನಾರಾಯಿತು, ಹಾಯಾಗಿ ಮೇಯಲಿ." ನನ್ನ ವಯಸ್ಸಿನ ಬಗ್ಗೆ ಏನೂ ಅನ್ನಲಿಲ್ಲ. ಅದು ಅವರ ದೊಡ್ಡತನ.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಕಾರಣಗಳನ್ನು ಪಟ್ಟಿ ಮಾಡಿದೆ. ಜೀನು, ಲಗಾಮು, ನನ್ನ ತೂಕ. ತೂಕವನ್ನು ಎರಡು ಸಲ ಬರೆದಿದ್ದೆ.

ನಿಜವಾದ ಕಾರಣ ತಾನಾಗಿ ತಿಳಿಯಿತು. ಒಂದು ಬೆಳಿಗ್ಗೆ ಮಾವ ರೇಷ್ಮೆಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಎಂದಿನಂತೆ ಅಂಕಣದ ನಡುವಿನ ಗೆರೆಯಲ್ಲಿ ಬಂದು, ಬೆನ್ನು ನೆಟ್ಟಗೆ ಮಾಡಿ, ಲಗಾಮು ಹಿಡಿದೆ. ಅವಳು ಎಕ್ಸ್ ದಾಟಿ, ಚಂದ್ರಿಕೆ ದಾಟಿ, ಸೀದಾ ಲಾಯಕ್ಕೆ ಹೋದಳು. ಮರುದಿನ ಮಾವ ಬದುವಿನ ಮೇಲೆ ಎತ್ತು ಮೇಯಿಸುತ್ತ ನಿಂತಿದ್ದರು. ನಾನು ಲಗಾಮು ಹಿಡಿದೆ. ಬದುವಿನಿಂದ "ಹೋಓಓ" ಎಂದು ಕೇಳಿತು. ಅವಳು ಕಂಬವಾದಳು.

ಇಷ್ಟು ದಿನವೂ ಆ "ಹೋ" ಎತ್ತುಗಳಿಗೆ ಅಂದುಕೊಂಡಿದ್ದೆ.

"ಮಾವ, ಅದನ್ನ ಯಾರಿಗೆ ಹೇಳ್ತೀರಿ?"

"ನಿನ್ ಕುದ್ರೆಗೇ ಕಣವ್ವ. ನೀನು ಅಗ್ಗ ಜಗ್ತೀಯ, ಬಾಯಲ್ಲಿ ಒಂದ್ ಮಾತಿಲ್ಲ. ಪಾಪ, ಅದುಕ್ಕೆಂಗ್ ಗೊತ್ತಾಯ್ತದೆ?"

ಒಂದೂವರೆ ವರ್ಷ ನನ್ನ ಬೆನ್ನುಮೂಳೆಯ ಸೂಕ್ಷ್ಮ ಸಂಜ್ಞೆ ಎಂದು ನಾನು ಹೆಮ್ಮೆಪಟ್ಟಿದ್ದು ಮಾವನ ಗಂಟಲಿಗೆ.

ಸ್ಪರ್ಧೆಗೆ ಹತ್ತೇ ದಿನ ಉಳಿದಿತ್ತು. ಸದ್ದಿಲ್ಲದೆ ನಿಲ್ಲಿಸಲು ಪ್ರಯತ್ನಿಸಿದೆ, ಆಗಲಿಲ್ಲ. ಸ್ಪರ್ಧೆಯ ದಿನ ವ್ಯಾನಿನಲ್ಲಿ ಅವಳ ಜೊತೆ ಮಾವನೂ ಬಂದರು. ಹೊರಗಿನವರು ಸದ್ದು ಮಾಡಿ ಸಹಾಯ ಮಾಡಿದರೆ ಸ್ಪರ್ಧೆಯಿಂದಲೇ ತೆಗೆದುಹಾಕುತ್ತಾರೆ ಎಂದು ದಾರಿಯುದ್ದಕ್ಕೂ ಹೇಳಿದೆ.

"ಒಂದ್ ಸಲ ಏಳುದ್ರೆ ಸಾಕು. ನಾನೇನ್ ಎತ್ತಾ?" ಎಂದು ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬೇಲಿಯ ಪಕ್ಕ ಕೂತರು.

ಗಂಟೆ ಬಾರಿಸಿದರು. ಒಳಗೆ ಹೋದೆ. ಎಕ್ಸ್ ಹತ್ತಿರ ಬಂತು. ಬೆನ್ನು ನೆಟ್ಟಗೆ ಮಾಡಿದೆ, ಉಸಿರು ಬಿಟ್ಟೆ, ಪುಸ್ತಕದಲ್ಲಿರುವುದನ್ನೆಲ್ಲ ಮಾಡಿದೆ. ಅವಳ ಒಂದು ಕಿವಿ ಬೇಲಿಯ ಕಡೆ ತಿರುಗಿತು. ಅಲ್ಲಿ ಮಾವ ಟವೆಲ್ ಕಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಕಾಯುತ್ತಿದ್ದಾಳೆ ಎಂದು ಆಗ ಅರ್ಥವಾಯಿತು. ಮೊಂಡುತನವಲ್ಲ, ಯಾರಾದರೂ ಹೇಳಲಿ ಎಂದು ಕಾಯುವುದು.

"ಹೋ" ಅಂದೆ.

ನಿಂತಳು, ನಾಲ್ಕೂ ಕಾಲು ಸಮನಾಗಿ. ಒಂದು, ಎರಡು, ಮೂರು. ತಲೆಬಾಗಿದೆ. ತೀರ್ಪುಗಾರರು ಪಕ್ಕದವರ ಕೈಲಿ ಏನೋ ಬರೆಸಿದರು. ಕೊನೆಯ ನಿಲುಗಡೆಯಲ್ಲಿ ಯೋಚಿಸಲೂ ಇಲ್ಲ. ಮತ್ತೆ ಅಂದೆ, ಸ್ವಲ್ಪ ಜೋರಾಗಿ.

ಒಂದೊಂದು "ಹೋ"ಗೆ ಎರಡೆರಡು ಅಂಕ ಹೋಯಿತು. ನಮ್ಮ ಕೆಳಗೆ ಒಬ್ಬರೇ ಇದ್ದರು, ಅವರ ಕುದುರೆ ಅಂಕಣದಿಂದಲೇ ಹೊರಗೆ ಹಾರಿತ್ತು. ಕಲಿಸುವವರು ಅಂಕದ ಹಾಳೆಯನ್ನು ಎರಡು ಸಲ ಓದಿ, "ನಿಂತಳಲ್ಲ ಮೇಡಂ. ಮುಂದಿನ ಸಲಕ್ಕೂ ಹೆಸರು ಬರೆಸಿ" ಎಂದರು. ಬರೆಸಿದೆ. ನಾಲ್ಕು ಅಂಕ ಮೊದಲೇ ಕಳೆದುಕೊಂಡೇ ಶುರುಮಾಡುವುದೆಂದು ಒಪ್ಪಿಕೊಂಡದ್ದರಿಂದ ಚಿಂತೆಗಳಲ್ಲಿ ಒಂದು ಕಡಿಮೆಯಾಯಿತು.

ವ್ಯಾನ್ ಹತ್ತುವಾಗ ಮಾವ ಬಾಯಿಂದ ಟವೆಲ್ ತೆಗೆದು ಕೊಡವಿದರು. ಇಷ್ಟು ಹೊತ್ತು ತಡೆದುಕೊಂಡದ್ದನ್ನು ಇನ್ನು ತಡೆಯಲಾಗಲಿಲ್ಲವೆಂದು ಕಾಣುತ್ತದೆ.

"ಹೋ ಅನ್ನೋದ್ನ ಒಸಿ ಉದ್ದಕ್ ಎಳೀಬೇಕು ಕಣವ್ವ. ನೀನು ಪರೀಕ್ಷೇಲಿ ಕಾಪಿ ಹೊಡಿಯೋರಂಗೆ ಅಂದ್ಬುಟ್ಟೆ."