ಬೀರುವಿನ ಎರಡನೆಯ ಬಾಗಿಲು

ನಮ್ಮ ಮನೆಯವರು ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗುತ್ತಾರೆ. ಅವರು ಮಲಗಿದರೂ ಅವರ ಬಲಗೈ ಮಲಗುವುದಿಲ್ಲ. ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಅದು ಹಾಸಿಗೆಯಿಂದ ಒಂದು ಗೇಣು ಮೇಲೇಳುತ್ತದೆ. ತೋರುಬೆರಳು ಮಡಚಿಕೊಳ್ಳುತ್ತದೆ. ಆಮೇಲೆ ಎಡದಿಂದ ಬಲಕ್ಕೆ, ಕಣ್ಣಿಗೆ ಕಾಣದ ಯಾವುದೋ ಬಾಗಿಲಿಗೆ ಬಣ್ಣ ಹೊಡೆಯುತ್ತ, ನಿಧಾನವಾಗಿ ಗಾಳಿಯಲ್ಲಿ ಸಾಗುತ್ತದೆ. ಸಾಗಿ ಸಾಗಿ ನಡುದಾರಿಯಲ್ಲಿ ನಿಂತು, ಧೊಪ್ಪನೆ ಬೀಳುತ್ತದೆ. ಇಪ್ಪತ್ತಾರು ವರ್ಷ ನಾನು ಇದನ್ನು ನೋಡಿದ್ದೇನೆ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ವಯಸ್ಸಾದಂತೆ ಮಾತ್ರ, ಇವತ್ತಾದರೂ ಆ ಕೈ ಆಚೆ ತುದಿ ಮುಟ್ಟಲಿ ಎಂದು ಪಕ್ಕದಲ್ಲಿ ಕೂತು ಕಾಯತೊಡಗಿದ್ದೆ.

ಇವರು ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸ್ಪ್ರೇ ಪೇಂಟರ್ ಆಗಿದ್ದರು. ಮೂವತ್ತನಾಲ್ಕು ವರ್ಷ. ಅಲ್ಲಿ ಇವರಿಗೆ ‘ತೊಳಿ ಮಾಸ್ತರು’ ಎಂದೇ ಹೆಸರು. ಬಣ್ಣ ಹೊಡೆದಾದ ಮೇಲೆ ಸ್ಪ್ರೇ ಗನ್ ತೊಳೆಯದೆ ಯಾರಾದರೂ ಊಟಕ್ಕೆ ಎದ್ದರೆ ಸಾಕು, ಅವರ ಅನ್ನ ಗಂಟಲಲ್ಲೇ ನಿಲ್ಲುವಂತೆ ಕೂಗುತ್ತಿದ್ದರಂತೆ. ‘ಬಣ್ಣ ಹೊಡೆಯೋದು ಅರ್ಧ ಕೆಲಸ, ತೊಳೆಯೋದು ಇನ್ನರ್ಧ. ತೊಳಿ, ಮೊದಲು ತೊಳಿ.’ ಮನೆಗೆ ಬಂದರೂ ಅದೇ ಚಾಳಿ. ನಾನು ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಅದು ತೊಳೆದು ಬೋರಲು ಹಾಕಿಸಿಕೊಂಡಿರುತ್ತಿತ್ತು. ಎಷ್ಟೋ ಸಲ ಕೊನೆಯ ಗುಟುಕು ಒಳಗಿರುವಾಗಲೇ.

ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಗನ್ನನ್ನು ತೊಳೆಯದೆ ಬಿಟ್ಟಿದ್ದರು. ಅದು ಇವರದೇ ಸ್ವಂತದ್ದು, ಮೊದಲ ಸಂಬಳದಲ್ಲಿ ಕೊಂಡದ್ದು. ನಮ್ಮ ಹಿತ್ತಿಲಿನ ಶೆಡ್ಡಿನ ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯೊಳಗೆ, ಹಳೆಯ ಅಂಗಿಯಲ್ಲಿ ಸುತ್ತಿಕೊಂಡು ಅದು ಮಲಗಿತ್ತು. ಕಾರ್ಖಾನೆಯ ಯಾರಿಗೂ ಈ ಸಂಗತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಎತ್ತಿ ಆಡುತ್ತಿರಲಿಲ್ಲ.

ಅದಕ್ಕೆ ಕಾರಣ ಇವರ ಅಕ್ಕ. ಇವರಿಗಿಂತ ಆರು ವರ್ಷ ದೊಡ್ಡವರು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಮಾಡಿ ತಮ್ಮನನ್ನು ಸಾಕಿ, ಕಸುಬು ಕಲಿಸಿ, ಮದುವೆಯನ್ನೂ ಮಾಡಿದವರು. ಅಕ್ಕನದೇ ಮದುವೆಯ ಮಾತು ಬಂದಾಗ ಅವರಿಗೆ ನಲವತ್ತನಾಲ್ಕು. ದೀಪದ ಅಂಗಡಿ ಇಟ್ಟಿದ್ದ ಒಬ್ಬರೊಂದಿಗೆ ಎಲ್ಲ ಗೊತ್ತಾಗಿತ್ತು. ಅಕ್ಕನಿಗೆ ಕೊಡಲೆಂದು ಇವರು ಎರಡು ಬಾಗಿಲ ಕಬ್ಬಿಣದ ಬೀರು ಮಾಡಿಸಿ, ತಾವೇ ಬಣ್ಣ ಹೊಡೆಯಲು ನಿಂತರು. ಬಣ್ಣ ಆರಿಸಿದ್ದು ಅಕ್ಕ. ಯಾವುದೋ ಹಳೆಯ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದ ಕಾಗದದ ಚೂರು ತಂದು, ‘ಇದೇ ಬೇಕು’ ಎಂದಿದ್ದರು. ನೀಲಿ ಎಂದರೆ ನೀಲಿಯಲ್ಲ, ಹಸಿರು ಎಂದರೆ ಹಸಿರೂ ಅಲ್ಲ. ಇವರು ಎರಡು ದಿನ ಕೂತು ಕಣ್ಣಂದಾಜಿನಲ್ಲಿ ಬೆರೆಸಿದರು.

ಒಂದು ಬಾಗಿಲು ಮುಗಿದಿತ್ತು. ಎರಡನೆಯದರ ಮೇಲೆ ಮೊದಲ ಪಟ್ಟಿ ಎಳೆಯುತ್ತಿದ್ದಾಗ ಗಂಡಿನ ಅಣ್ಣ ಬಂದು, ‘ನಮಗೆ ಈ ಸಂಬಂಧ ಬೇಡ’ ಎಂದು ಹೇಳಿ ಹೋದರು. ಇವರು ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಗನ್ನನ್ನು ನೆಲದ ಮೇಲಿಟ್ಟು, ದೀಪದ ಅಂಗಡಿಗೆ ಓಡಿದರು. ವಾಪಸು ಬರುವಷ್ಟರಲ್ಲಿ ಸಂಜೆಯಾಗಿತ್ತು. ಗನ್ನಿನ ಬಟ್ಟಲಲ್ಲಿದ್ದ ಬಣ್ಣ ಗಟ್ಟಿಯಾಗಿತ್ತು. ಗನ್ನನ್ನು ಹಾಗೇ ಸುತ್ತಿ ಅಟ್ಟಕ್ಕೆ ಹಾಕಿದರು. ಒಂದೇ ಬಾಗಿಲಿಗೆ ಬಣ್ಣ ಕಂಡ ಬೀರು ಅಕ್ಕನ ಕೋಣೆಗೆ ಹೋಗಿ ಕಿಟಕಿಯ ಎದುರು ನಿಂತಿತು. ಅಕ್ಕ ಮದುವೆಯಾಗಲಿಲ್ಲ. ತಮ್ಮ ಕೈ ಅರ್ಧಕ್ಕೆ ನಿಂತದ್ದೇ ಅಪಶಕುನವಾಗಿ ಅಕ್ಕನ ಬದುಕೂ ನಿಂತಿತು ಎಂದು ಇವರು ಒಳಗೊಳಗೇ ನಂಬಿಬಿಟ್ಟರು. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಬೀರುವಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ಹೋದ ತಿಂಗಳು ಒಂದು ಸೋಮವಾರ ಅಕ್ಕ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ, ‘ಶನಿವಾರ ಸಹಿ ಹಾಕ್ತೀನಿ ಕಣೋ, ಮದುವೆಗೆ’ ಎಂದರು. ವರ ನಮಗೆ ಗೊತ್ತಿದ್ದವರೇ. ನಿವೃತ್ತರಾದ ಲೈಬ್ರರಿಯವರು. ಒಂಬತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಅಕ್ಕನ ಬಳಿ ಕಟ್ಟಿಸಲು ತರುತ್ತಿದ್ದರು. ಅಷ್ಟು ಪುಸ್ತಕ ತಾವಾಗಿ ಹರಿಯುವುದಿಲ್ಲ, ಅವರೇ ಕೂತು ಹರಿಯುತ್ತಾರೆ ಎಂದು ನನಗೆ ಮೊದಲಿನಿಂದಲೂ ಗುಮಾನಿ ಇತ್ತು.

‘ಭಾನುವಾರ ಸಾಮಾನು ಅವರ ಮನೆಗೆ ಹೋಗತ್ತೆ. ಬೀರುವಿನ ಒಂದು ಬಾಗಿಲು ಬಾಕಿ ಇದೆಯಲ್ಲ, ಅಷ್ಟರೊಳಗೆ ಹೊಡೆದುಬಿಡು’ ಎಂದರು ಅಕ್ಕ. ನಿನ್ನೆ ಮೊನ್ನೆ ಬಿಟ್ಟ ಕೆಲಸವನ್ನು ಜ್ಞಾಪಿಸಿದಷ್ಟು ಸಲೀಸಾಗಿ. ಇವರು ತಲೆಯಾಡಿಸಿದರು. ಅವತ್ತು ನನ್ನ ಲೋಟ ತೊಳೆಯುವುದನ್ನೇ ಮರೆತರು.

ಮರುದಿನ ಇಬ್ಬರೂ ಪೇಂಟಿನ ಅಂಗಡಿಗೆ ಹೋದೆವು. ಅಂಗಡಿಯವನು ಗಾಜಿನ ಕಪಾಟಿನಿಂದ ಫಳಫಳ ಹೊಳೆಯುವ ಹೊಸ ಗನ್ ತೆಗೆದು ಕೊಟ್ಟ. ‘ಇದು ಕಡಿಮೆ ಗಾಳಿಗೇ ಓಡತ್ತೆ, ಬಣ್ಣಾನೂ ಅಷ್ಟು ಹಾರಲ್ಲ. ನಿಮ್ಮ ಮನೆ ಕಂಪ್ರೆಸರ್ ಎಷ್ಟು ದೊಡ್ಡದು ಅಣ್ಣಾ?’ ಇವರು ಕೈಯಲ್ಲಿ ಒಂದು ಬಕೆಟ್ಟಿನಷ್ಟು ತೋರಿಸಿದರು. ‘ಹಾಗಾದ್ರೆ ಹಳೇ ಗನ್ ಮರೆತುಬಿಡಿ. ಅವು ಗಾಳೀನ ನೀರು ಕುಡಿದ ಹಾಗೆ ಕುಡೀತಾವೆ. ಅರ್ಧ ನಿಮಿಷಕ್ಕೆ ಗಾಳಿ ಟ್ಯಾಂಕ್ ಖಾಲಿ.’

ಇವರು ಹೊಸ ಗನ್ನನ್ನು ಕೈಯಲ್ಲಿ ಹಿಡಿದು ಟ್ರಿಗರ್ ಒತ್ತಿ ಬಿಟ್ಟರು. ಮತ್ತೆ ಒತ್ತಿ ಬಿಟ್ಟರು. ‘ಚೆನ್ನಾಗಿದೆ’ ಎಂದು ವಾಪಸು ಕೊಟ್ಟು, ಬಣ್ಣ ಕರಗಿಸುವ ಥಿನ್ನರ್ ಒಂದು ಡಬ್ಬಿ, ಬೆರೆಸಲು ಮೂರು ಬಣ್ಣ, ಎರಡು ಚರ್ಮದ ವಾಷರ್ ಕೇಳಿದರು.

‘ಅದರಲ್ಲೇ ಹೊಡೀತೀರಾ?’ ಎಂದೆ ದಾರಿಯಲ್ಲಿ.

‘ಅರ್ಧಕ್ಕೆ ಬಿಟ್ಟಿದ್ದು ಅದರಲ್ಲೇ ಅಲ್ವೇನೇ?’ ಎಂದರು.

ಪೆಟ್ಟಿಗೆ ತೆರೆದಾಗ ಅಂಗಿಯ ಮಡಿಕೆಯಿಂದ ಒಂದು ಬಿಳಿ ಗುಂಡಿ ನೆಲಕ್ಕೆ ಉರುಳಿತು. ಇವರ ಅಂಗಿಯದಲ್ಲ. ನಾನು ಎತ್ತಿ ಕೊಡುವ ಮುಂಚೆಯೇ ತೆಗೆದು ಜೇಬಿಗೆ ಹಾಕಿಕೊಂಡರು. ಗನ್ ಕಲ್ಲಾಗಿತ್ತು. ಟ್ರಿಗರ್ ಅಲ್ಲಾಡಲಿಲ್ಲ, ಒಳಗಿನ ಸೂಜಿ ಮಿಸುಕಲಿಲ್ಲ.

‘ಇದು ಎನಾಮೆಲ್ ಬಣ್ಣ ಆಗಿದ್ರೆ ಕಥೆ ಮುಗೀತಿತ್ತು’ ಎಂದರು. ‘ಇದು ಲ್ಯಾಕರ್, ಹಾಗಲ್ಲ. ಎಷ್ಟು ವರ್ಷ ಒಣಗಿದ್ರೂ ಥಿನ್ನರ್ ಕಂಡ್ರೆ ಕರಗತ್ತೆ. ಕರಗಬೇಕು.’ ಆ ‘ಬೇಕು’ ಎನ್ನುವಾಗ ಇವರ ದನಿ ಕೇಳಿ ನಾನೇ ಒಳಗಿನಿಂದ ಒಂದು ಜಾಡಿ ತಂದುಕೊಟ್ಟೆ.

ಗನ್ನಿನ ಬಟ್ಟಲನ್ನು ಕಳಚಿ, ಅದಕ್ಕೆ ಬೇರೆಯೇ ಸ್ವಲ್ಪ ಥಿನ್ನರ್ ಹಾಕಿ ಪಕ್ಕಕ್ಕಿಟ್ಟರು. ಗನ್ನನ್ನು ಗಾಜಿನ ಜಾಡಿಯಲ್ಲಿಟ್ಟು, ಮುಳುಗುವಷ್ಟು ಥಿನ್ನರ್ ಸುರಿದು, ಮುಚ್ಚಳ ಹಾಕಿ, ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಶೆಡ್ಡಿನ ತಗಡಿನ ತೂತಿನಿಂದ ಬಿಸಿಲಿನ ಒಂದು ಕೋಲು ಜಾಡಿಯ ಮೇಲೆ ಬೀಳುತ್ತಿತ್ತು. ಮೊದಲು ಹೊರಗೆ ಅಂಟಿದ್ದ ಬಣ್ಣಗಳು ಬಿಟ್ಟವು. ಹಿಂದೊಮ್ಮೆ ಎದುರುಮನೆಯ ಗೇಟಿಗೆ ಹೊಡೆದಿದ್ದ ಬೂದು ಬಣ್ಣ ಹೊಗೆಯಾಗಿ ಎದ್ದಿತು. ಅದರ ಕೆಳಗಿನಿಂದ ನಮ್ಮ ಮಗಳ ಮೂರು ಗಾಲಿಯ ಸೈಕಲ್ಲಿನ ಕೆಂಪು ಬಂತು. ಅವಳಿಗೆ ಈಗ ಅವಳದೇ ಮಕ್ಕಳು. ಇನ್ನೂ ಕೆಳಗಿನಿಂದ ಒಂದು ತೆಳು ಹಳದಿ ಬಂದಾಗ ಇಬ್ಬರಿಗೂ ಗುರುತು ಸಿಗಲಿಲ್ಲ. ತುಂಬ ಹೊತ್ತಾದ ಮೇಲೆ ನನಗೇ ಹೊಳೆಯಿತು. ಮದುವೆಯಾದ ಹೊಸದರಲ್ಲಿ ನಮ್ಮ ಮಂಚಕ್ಕೆ ಹೊಡೆದದ್ದು. ಹೇಳಿದೆ. ಇವರು ಕಿವಿಯವರೆಗೂ ಕೆಂಪಾದರು, ಅರವತ್ತನಾಲ್ಕರ ವಯಸ್ಸಿನಲ್ಲಿ. ಥಿನ್ನರಿನ ಘಾಟಿಗೋ ಏನೋ, ಆ ಎರಡು ದಿನ ನಾನು ಯಾವ ವರ್ಷದಲ್ಲಿ ಇದ್ದೇನೆ ಎಂಬುದೇ ಆಗಾಗ ಮರೆತುಹೋಗುತ್ತಿತ್ತು. ಒಲೆಯ ಮೇಲಿನದು ಎರಡು ಸಲ ಸೀದುಹೋಯಿತು.

ಗುರುವಾರ ಬೆಳಿಗ್ಗೆ ಸೂಜಿ ಅಲ್ಲಾಡಿತು. ಇವರು ಅದನ್ನು ಹಿಂದಕ್ಕೆ ಎಳೆದು, ಮುಂದಿನ ಬಾಯಿ ಬಿಚ್ಚಿದರು. ತೂತುಗಳಿಗೆ ತಂತಿ ತಾಗಿಸಲಿಲ್ಲ. ಕಬ್ಬಿಣದಿಂದ ಕೆರೆದರೆ ಬಾಯಿ ಸೊಟ್ಟಗಾಗುತ್ತದಂತೆ. ಮರದ ಕಡ್ಡಿ ಚೂಪು ಮಾಡಿ, ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ ಚುಚ್ಚಿ ತೆಗೆದರು. ಮುರುಟಿದ ಹಳೆಯ ವಾಷರ್ ಎಸೆದು, ಎಣ್ಣೆಯಲ್ಲಿ ನೆನೆದ ಹೊಸದನ್ನು ಕೂರಿಸಿದರು. ಬಟ್ಟಲಿನ ತಳದಲ್ಲಿ ಕರಗಿದ್ದ ಬಣ್ಣವನ್ನು ಬೇರೆ ಲೋಟಕ್ಕೆ ಬಗ್ಗಿಸಿದರು. ನಾಲ್ಕು ಚಮಚವೂ ಇರಲಿಲ್ಲ. ಆದರೆ ಆ ಬಣ್ಣ, ಅಬ್ಬಾ. ಇಪ್ಪತ್ತಾರು ವರ್ಷ ಕತ್ತಲಲ್ಲಿ ಇದ್ದು ಒಂದು ಚೂರೂ ಮಂಕಾಗಿರಲಿಲ್ಲ.

ಅದನ್ನು ಎದುರಿಗಿಟ್ಟುಕೊಂಡು ಇವರು ಹೊಸ ಬಣ್ಣ ಬೆರೆಸಿದರು. ಒಂದು ಹನಿ ನೀಲಿ, ಒಂದು ಹನಿ ಹಸಿರು, ಕಡ್ಡಿಯ ತುದಿಯಷ್ಟು ಕಪ್ಪು. ಸಂಜೆಗೆ ಎರಡೂ ಒಂದೇ ಆದವು. ಒಂದು ರಟ್ಟಿನ ಮೇಲೆ ಹೊಡೆದು, ಒಣಗಿಸಿ, ಕೈಗಾಡಿಯಲ್ಲಿ ತರಿಸಿದ್ದ ಬೀರುವಿನ ಮೊದಲ ಬಾಗಿಲಿಗೆ ಹಿಡಿದು ನೋಡಿದರು.

ಹೊಂದಲಿಲ್ಲ. ರಟ್ಟು ಹೊಳೆಯುತ್ತಿತ್ತು. ಬಾಗಿಲು ಕಿಟಕಿಯ ಬಿಸಿಲು ತಿಂದು ಮಾಸಿತ್ತು.

ಇವರು ಸ್ಟೂಲಿನ ಮೇಲೆ ಕುಸಿದರು. ‘ಬಾಗಿಲಿಗೆ ಹೊಂದಿಸಿ ಸ್ವಲ್ಪ ಮಂಕು ಮಾಡಿಬಿಡಿ’ ಎಂದೆ ನಾನು. ಕೆಲಸ ಮುಗಿದರೆ ಸಾಕಾಗಿತ್ತು ನನಗೆ.

‘ಮಂಕು ಮಾಡಿದ್ರೆ ಅವಳು ಕೇಳಿದ ಬಣ್ಣ ಅಲ್ಲ. ಮಾಡದಿದ್ರೆ ಜೋಡಿ ಅಲ್ಲ. ಎರಡನೇ ಸಲಾನೂ ಅವಳ ಕೆಲಸ ಕೆಡಿಸ್ತೀನಿ ಕಣೇ’ ಎಂದರು. ಕಣ್ಣಲ್ಲಿ ನೀರಿತ್ತು. ಅದು ಥಿನ್ನರಿನದಲ್ಲ.

ಶುಕ್ರವಾರ ಬೆಳಿಗ್ಗೆ ನಾನೇ ಹೋಗಿ ಅಕ್ಕನನ್ನು ಕರೆತಂದೆ. ಅಕ್ಕ ರಟ್ಟನ್ನು ಕೈಗೆ ತೆಗೆದುಕೊಂಡು, ಮಾಸಿದ ಬಾಗಿಲನ್ನು ತೆರೆದು, ಅದರ ಒಳ ಅಂಚಿಗೆ ಹಿಡಿದರು. ಬಿಸಿಲು ತಾಕದ ಅಂಚು. ಅಲ್ಲಿ ರಟ್ಟು ಯಾವುದು, ಬಾಗಿಲು ಯಾವುದು ಎಂದು ತಿಳಿಯಲಿಲ್ಲ.

‘ಇದೇ ಕಣೋ’ ಎಂದರು ಅಕ್ಕ. ‘ಅವತ್ತು ಬೆಳಿಗ್ಗೆ ನಾನು ನೋಡಿದ್ದು ಇದನ್ನೇ.’

ಅವತ್ತಿನ ಮಾತು ಅಕ್ಕನ ಬಾಯಲ್ಲಿ ಬಂದದ್ದು ಅದೇ ಮೊದಲು. ಇವರಿಗೆ ತಡೆದುಕೊಳ್ಳಲು ಆಗಲಿಲ್ಲ. ‘ಅವತ್ತು ನಾನು ಗನ್ ಕೆಳಗಿಡಬಾರದಿತ್ತು ಅಕ್ಕ. ನಾನು ಅರ್ಧಕ್ಕೆ ಬಿಟ್ಟೆ, ನಿನ್ನ ಬದುಕೂ ಅಲ್ಲೇ ನಿಂತುಹೋಯ್ತು.’

ಅಕ್ಕ ತಮ್ಮನ ಮುಖವನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ‘ಇದನ್ನ ಇಷ್ಟು ವರ್ಷ ತಲೇಲಿ ಇಟ್ಕೊಂಡಿದ್ದಾನಾ ಇವನು?’ ಎಂದು ನನ್ನನ್ನು ಕೇಳಿ, ಬೀರುವಿಗೆ ಒರಗಿ ನಿಂತರು. ‘ಹುಚ್ಚಪ್ಪ, ಬೇಡ ಅಂದವಳು ನಾನೇ ಕಣೋ.’

ಅಕ್ಕ ಮಾಸಿದ ಬಾಗಿಲಿನ ಮೇಲೆ ಕೈಯಾಡಿಸಿದರು.

‘ಅವತ್ತು ಕೆಲಸಕ್ಕೆ ಹೋಗೋ ಮುಂಚೆ ಬಂದು ನೋಡಿದ್ನಲ್ಲ, ಮೊದಲನೇ ಬಾಗಿಲು ಇನ್ನೂ ಹಸಿ ಇತ್ತು. ಎಷ್ಟು ಚೆನ್ನಾಗಿತ್ತು ಅಂದ್ರೆ, ನೋಡ್ತಾ ನಿಂತುಬಿಟ್ಟೆ. ಇದನ್ನ ಆ ಮನೇಲಿ ಎಲ್ಲಿಡ್ತೀನಿ ಅಂತ ಯೋಚಿಸಿದೆ. ಒಳ್ಳೇ ಜನ, ದೊಡ್ಡ ಮನೆ. ಆದ್ರೂ ಇದಕ್ಕೊಂದು ಜಾಗ ನನ್ನ ಕಣ್ಣಿಗೆ ಬರಲೇ ಇಲ್ಲ. ನನಗೂ ಅಲ್ಲೊಂದು ಜಾಗ ಕಾಣಲಿಲ್ಲ. ಕೆಲಸದ ಜಾಗದಿಂದ ಅವರ ಅಂಗಡಿಗೆ ಫೋನ್ ಮಾಡಿ ಬೇಡ ಅಂದೆ. ನಾನೇ ಬೇಡ ಅಂದೆ ಅಂತ ಗೊತ್ತಾದ್ರೆ ನೀನು ಸುಮ್ಮನೆ ಬಿಡ್ತಿದ್ಯಾ? ನೀವೇ ಒಲ್ಲೆ ಅಂತ ಹೇಳಿಬಿಡಿ ಅಂತ ಅವರನ್ನೇ ಕೇಳಿಕೊಂಡೆ. ಪಾಪ, ಒಪ್ಪಿದ್ರು. ನೀನು ಅಂಗಡಿಗೇ ಹೋಗಿ ಅವರ ಕಾಲರ್ ಹಿಡೀತೀಯ ಅಂತ ನನಗೇನು ಕನಸು ಬಿದ್ದಿತ್ತಾ?’

ಇವರು ಜೇಬಿನಿಂದ ಆ ಬಿಳಿ ಗುಂಡಿ ತೆಗೆದು ಅಂಗೈ ಮೇಲಿಟ್ಟುಕೊಂಡರು. ‘ಎಳೆದಾಡಿದಾಗ ಕಿತ್ತು ಬಂದಿತ್ತು’ ಎಂದರು. ‘ಒಂದು ಮಾತೂ ಆಡಲಿಲ್ಲ ಆ ಮನುಷ್ಯ. ತಪ್ಪಿತಸ್ಥ, ಅದಕ್ಕೇ ಬಾಯಿಲ್ಲ ಅಂದ್ಕೊಂಡೆ.’

‘ನಿಮ್ಮ ತಮ್ಮ ಒಳ್ಳೆಯವರು, ಒಂದು ಗುಂಡಿ ಮಾತ್ರ ಅವರ ಹತ್ರ ಉಳೀತು ಅಂತ ಅವರೇ ಅಂದಿದ್ರು, ಆಮೇಲೆ ಸಿಕ್ಕಾಗ’ ಎಂದರು ಅಕ್ಕ.

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ‘ಒಂದು ಮಾತು ಹೇಳೋಕೆ ಇಪ್ಪತ್ತಾರು ವರ್ಷ ಬೇಕಾಯ್ತಾ ಅಕ್ಕ? ಇವರು ನಿದ್ದೇಲೂ ನಿಮ್ಮ ಬಾಗಿಲು ಹೊಡೀತಿದ್ರು. ನೋಡ್ತಾ ಕೂತವಳು ನಾನು’ ಎಂದುಬಿಟ್ಟೆ. ಅವರೆದುರು ನಾನು ದನಿ ಎತ್ತಿದ್ದು ಅದೊಂದೇ ಸಲ.

ಅಕ್ಕ ತಲೆ ತಗ್ಗಿಸಿದರು. ‘ನನಗೋಸ್ಕರ ಬೀದೀಲಿ ಜಗಳ ಆಡಿ ಬಂದವನಿಗೆ ಹೇಗಮ್ಮ ಹೇಳಲಿ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಆಗಿಹೋಯ್ತು. ತಪ್ಪು ನಂದೇ.’

ಇವರು ಗುಂಡಿಯಿಂದ ಕಣ್ಣೆತ್ತಿ ಬೀರುವಿನ ಕಡೆ ನೋಡಿದರು. ‘ಈಗ ಈ ಲೈಬ್ರರಿಯವರ ಮನೇಲಿ ಇದಕ್ಕೆ ಜಾಗ ಕಂಡಿದೆಯಾ?’ ಎಂದು ಕೇಳಿದರು.

‘ಕಂಡಿದೆ’ ಎಂದರು ಅಕ್ಕ. ‘ಅವರೇ ಒಂದು ಪುಸ್ತಕದ ಕಪಾಟು ಸರಿಸಿ ಮಾಡಿದ್ದಾರೆ.’

ಇವರು ಎದ್ದರು. ಗುಂಡಿಯನ್ನು ಅಕ್ಕನ ಕೈಗೆ ಹಾಕಿ, ‘ದೀಪದ ಅಂಗಡಿಯವರು ಸಿಕ್ಕಿದ್ರೆ ಕೊಟ್ಟುಬಿಡು’ ಎಂದರು. ಲೋಟದಲ್ಲಿದ್ದ ಹಳೆಯ ನಾಲ್ಕು ಚಮಚವನ್ನೂ ಹೊಸ ಬಣ್ಣಕ್ಕೇ ಸೇರಿಸಿ, ಬಟ್ಟೆಯಲ್ಲಿ ಸೋಸಿ, ಬಟ್ಟಲಿಗೆ ತುಂಬಿದರು. ಮಾಸ್ಕ್ ಕಟ್ಟಿಕೊಂಡರು. ‘ಆಚೆ ನಿಲ್ಲಿ ಇಬ್ಬರೂ’ ಎಂದರು.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಗನ್ ಗಾಳಿಯನ್ನು ಗಟಗಟ ಕುಡಿಯಿತು. ಒಂದು ಪಟ್ಟಿ ಎಳೆಯುವುದು, ನಿಲ್ಲಿಸಿ ಟ್ಯಾಂಕ್ ತುಂಬುವವರೆಗೆ ಕಾಯುವುದು, ಮತ್ತೊಂದು ಪಟ್ಟಿ. ಒಂದು ಬಾಗಿಲಿನ ಅಗಲಕ್ಕೆ ಸರಿಯಾಗಿ ಗಾಳಿ ಸಾಲುತ್ತಿತ್ತು. ಮೊದಲ ಪಟ್ಟಿ ಹಳೆಯ ಅರ್ಧ ಪಟ್ಟಿಯ ಮೇಲೆಯೇ ಹೋಯಿತು. ಅದು ನಿಂತಿದ್ದ ಜಾಗ ಬಂದಾಗ ನಾನು ಅಕ್ಕನ ಕೈ ಹಿಡಿದುಕೊಂಡೆ. ಇವರ ಕೈ ಅಲ್ಲಿ ತಡೆಯಲಿಲ್ಲ. ಬಣ್ಣದ ಮಂಜು ಶೆಡ್ಡಿನ ಬಿಸಿಲಿನಲ್ಲಿ ತೇಲಿತು, ನಮ್ಮ ಮೂವರ ತಲೆಗೂದಲ ಮೇಲೆ ಸಣ್ಣಗೆ ಇಳಿಯಿತು. ಮುಗಿದಾಗ ಒಂದು ಬಾಗಿಲು ಮಾಸಿದ್ದು, ಒಂದು ಬಾಗಿಲು ಹೊಸದು.

‘ಜೋಡಿ ಆಗಲಿಲ್ಲ’ ಎಂದರು ಇವರು.

‘ಆ ಬಾಗಿಲಷ್ಟೇ ಮಾಸಿದೀನಿ ನಾನೂ. ಪರವಾಗಿಲ್ಲ’ ಎಂದರು ಅಕ್ಕ. ‘ಈಗ ಗನ್ ತೊಳಿ. ತೊಳೆಯೋವರೆಗೂ ನಾನು ಊಟಕ್ಕೆ ಕೂರಲ್ಲ.’

ಇವರು ಮೂರು ಸಲ ತೊಳೆದರು. ಮೂರನೆಯ ಸಲ ಥಿನ್ನರ್ ನೀರಿನಂತೆ ತಿಳಿಯಾಗಿ ಬಂತು. ಊಟ ಮಾಡಿ ಅಕ್ಕ ಮನೆಗೆ ಹೋದರು. ಇವರು ಒಳಗೆ ಹೋಗಿ ಮಲಗಿದರು. ನಾನು ಚಹಾಕ್ಕೆ ನೀರಿಟ್ಟು, ಎಂದಿನಂತೆ ಹಾಸಿಗೆಯ ಅಂಚಿನಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಬಲಗೈ ಎದ್ದಿತು. ಬೆರಳು ಮಡಚಿಕೊಂಡಿತು. ಎಡದಿಂದ ಬಲಕ್ಕೆ ಹೊರಟು, ನಡುವಿನ ಜಾಗ ದಾಟಿ, ಆಚೆ ತುದಿಗೆ ಬಂತು. ಅಲ್ಲಿ ನಾನು ಕೂತಿದ್ದೆ. ಬೆರಳು ಸಡಿಲವಾಗಿ ಕೈ ನನ್ನ ತೊಡೆಯ ಮೇಲೆ ಇಳಿಯಿತು. ನಾನು ಏಳಲಿಲ್ಲ. ಒಲೆಯ ಮೇಲಿನ ನೀರು ಪೂರ್ತಿ ಬತ್ತಿ ಪಾತ್ರೆ ಹೊತ್ತಿದ ವಾಸನೆ ಬರುವವರೆಗೂ ಹಾಗೇ ಕೂತಿದ್ದೆ.